ಕಡಲ್ಕೊರೆತಕ್ಕೆ ಮರಳು ಸುರಿಯುವುದು ಉಪಯೋಗವಾ? ಅದಕ್ಕೆ ಮೊದಲು ಏನು ಅಳೆಯಬೇಕು?

ಕಡಲಕರೆ ಮನೆ · ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸೋಮೇಶ್ವರಕ್ಕೂ ಉಚ್ಚಿಲಕ್ಕೂ ನಡುವೆ, ಕಡಲ ಬದಿಯಲ್ಲೇ. ಅಜ್ಜ ಕಟ್ಟಿಸಿದ್ದು. ನಾನು ಸಣ್ಣವಳಿದ್ದಾಗ ಹಿತ್ತಿಲಿನಿಂದ ಹೊರಟರೆ ಮೂರು ಸಾಲು ತೆಂಗು, ಆಮೇಲೆ ಅಡುಂಬು ಬಳ್ಳಿ ಹಬ್ಬಿದ ಹೊಯ್ಗೆ (ಮರಳಿಗೆ ನಮ್ಮ ಕಡೆಯ ಹೆಸರು) ದಿಬ್ಬ, ಅದನ್ನು ಇಳಿದರೆ ನೀರು. ಮಧ್ಯಾಹ್ನ ಹೊಯ್ಗೆ ಕಾದಿರುತ್ತಿತ್ತು. ಬಳ್ಳಿಯ ಮೇಲೆ ಕಾಲಿಟ್ಟು ಹಾರಿ ಹಾರಿ ಹೋಗುತ್ತಿದ್ದೆವು. ಈಗ ದಿಬ್ಬವೂ ಇಲ್ಲ, ಬಳ್ಳಿಯೂ ಇಲ್ಲ. ತೆಂಗು ಒಂದೇ ಸಾಲು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಒಂದೇ ರಾತ್ರಿ ಐದು ಮರ ಹೋದವು.

ಹೋದ ವಾರ ಊರಲ್ಲಿ ಮೀಟಿಂಗ್ ಆಯಿತು. ಅರ್ಧ ಜನ ಕಲ್ಲು ಹಾಕಿಸಿ ಅಂದರು. ಇನ್ನರ್ಧ ಜನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದಲ್ಲಿ ದೊಡ್ಡ ಹಡಗು ಕಾರಂಜಿ ಥರ ಮರಳು ಚಿಮ್ಮಿಸುತ್ತಿತ್ತು. ನಮಗೂ ಅದೇ ಬೇಕು ಅಂತ ಹಟ. ಒಬ್ಬರು 60 ಲೋಡ್ ಮರಳು ಹಾಕಿಸಿಕೊಡುತ್ತೇನೆ ಎಂದು ಮಾತೂ ಕೊಟ್ಟರು. ನನ್ನ ಭಾವ ಮಾತ್ರ 'ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ' ಅಂತ ಗೊಣಗುತ್ತಾ ಎದ್ದು ಹೋದರು.

ಮೀಟಿಂಗಿಗೆ ಬಂದಿದ್ದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. 'ಎಷ್ಟು ಮರಳು ಹೋಗಿದೆ, ಎಲ್ಲಿಗೆ ಹೋಗಿದೆ, ಲೆಕ್ಕ ಇದೆಯಾ?' ನಮ್ಮ ಹತ್ತಿರ ಇದ್ದದ್ದು ಜುಲೈ ತಿಂಗಳ ಫೋಟೋ, ಅಷ್ಟೇ. ಆಗ ಸಿಟ್ಟು ಬಂತು. ಮನೆ ಹೋಗುವಾಗ ಲೆಕ್ಕ ಕೇಳುತ್ತಾರಲ್ಲ ಅಂತ. ರಾತ್ರಿ ಮಲಗಿದ ಮೇಲೆ ಅನಿಸಿತು, ಹೌದಲ್ವಾ, ನಮಗೇ ಗೊತ್ತಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಅಳತೆಗೆ ಹೆದರುವವಳಲ್ಲ. ಆದರೆ ದುಡ್ಡು ಕೊಟ್ಟು ಸರ್ವೆ ಮಾಡಿಸುವ ಶಕ್ತಿ ಇಲ್ಲ. ಮರಳು ಸುರಿಯುವುದರಿಂದ ನಿಜವಾಗಿ ಉಪಯೋಗ ಇದೆಯಾ? ಅದನ್ನು ಕೇಳುವ ಮೊದಲು ನಾವು ಊರವರು ಏನು ಅಳೆದಿಟ್ಟುಕೊಳ್ಳಬಹುದು?

---

ಬಂಡೆಕಲ್ಲು · ಸೆಪ್ಟೆಂಬರ್ 14

ಟೀಚರೇ, ನಮ್ಮದು ಕಾಪು ಕಡೆ. ಕಲ್ಲು ಹಾಕಿದ ಮೇಲೆ ನಮ್ಮ ಮನೆ ಉಳಿದಿದೆ. ಅಳೆಯುತ್ತಾ ಕೂತರೆ ಬರುವ ಮಳೆಗಾಲಕ್ಕೆ ಅಳೆಯಲು ಮನೆಯೇ ಇರುವುದಿಲ್ಲ. ಕಲ್ಲು ಕೇಳಿ, ಬೇಗ ಕೇಳಿ.

---

ಅಳಿವೆ ಬಾಗಿಲು · ಸೆಪ್ಟೆಂಬರ್ 15

ನಾನು ಹೆಜಮಾಡಿಯವ. ಡಿಪ್ಲೊಮಾ ಮುಗಿಸಿ ಸರ್ವೆ ದೋಣಿ ಹತ್ತಿದವನು 14 ವರ್ಷ ಇಳಿಯಲೇ ಇಲ್ಲ. ಈಗ ಆರು ವರ್ಷದಿಂದ ನೆದರ್ಲೆಂಡ್ಸಿನಲ್ಲಿದ್ದೇನೆ, ಹೇಗ್ ನಗರದ ಹತ್ತಿರ. ಎಕೋ ಸೌಂಡರ್, ಅಂದರೆ ಶಬ್ದ ಕಳಿಸಿ ಆಳ ನೋಡುವ ಯಂತ್ರ ಇಟ್ಟುಕೊಂಡು ಕಡಲ ತಳ ಅಳೆಯುವುದು ಹೊಟ್ಟೆಪಾಡು. ದೊಡ್ಡ ಇಂಜಿನಿಯರ್ ಅಲ್ಲ. ಆದರೆ ಈ ವಿಷಯದಲ್ಲಿ ಕಾಲು ಒದ್ದೆ ಮಾಡಿಕೊಂಡವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಅಧಿಕಾರಿ ಯಾವ ದನಿಯಲ್ಲಿ ಕೇಳಿದರೋ, ಪ್ರಶ್ನೆಯಂತೂ ಸರಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯರೊಬ್ಬರು ಕೇಳಿದ್ದೂ ಅದನ್ನೇ. ಆಗ ನನ್ನ ಕೆಲಸ ಅಲೆಯಲ್ಲಿ ನಿಂತು ಅಳತೆಯ ಪಟ್ಟಿ ನೆಟ್ಟಗೆ ಹಿಡಿಯುವುದು. ಅಲೆ ಬಂದಾಗ ಪಟ್ಟಿ ಬಿಡಬಾರದು, ಚಪ್ಪಲಿ ಹೋದರೂ ಸರಿ. ಹೋಯಿತು ಕೂಡ, ಎಡಗಾಲಿನದ್ದು.

ಮೊದಲು ಜುಲೈ ಫೋಟೋ ವಿಷಯ. ಮಳೆಗಾಲದಲ್ಲಿ ಹೋದ ಹೊಯ್ಗೆ ಎಲ್ಲಾ ಅರಬ್ ದೇಶಕ್ಕೆ ಹೋಗುವುದಿಲ್ಲ. ಜೂನ್‌ನಲ್ಲಿ ಎತ್ತರದ, ಒಂದರ ಬೆನ್ನಿಗೆ ಒಂದು ಬರುವ ಅಲೆಗಳು ದಂಡೆಯ ಹೊಯ್ಗೆಯನ್ನು ಎಳೆದು ಸ್ವಲ್ಪ ಆಚೆ ನೀರಿನಡಿಯಲ್ಲಿ ಒಂದು ದಿಬ್ಬ ಮಾಡುತ್ತವೆ. ಮಳೆಗಾಲದಲ್ಲಿ ಮನೆಯ ಮುಂದೆ ನಿಂತು ನೋಡಿ. ದಂಡೆಗೆ ಬರುವ ಮೊದಲೇ ದೂರದಲ್ಲಿ ಒಂದು ಬಿಳಿ ಸಾಲು ಕಾಣುತ್ತದೆ, ಅಲೆ ಅಲ್ಲೊಮ್ಮೆ ಒಡೆಯುತ್ತದೆ. ನಿಮ್ಮ ಹೊಯ್ಗೆ ಅದರ ಕೆಳಗಿದೆ. ಅಕ್ಟೋಬರ್ ಆದ ಮೇಲೆ ಸಣ್ಣ, ನಿಧಾನದ ಅಲೆಗಳು ಅದನ್ನು ಮತ್ತೆ ದಂಡೆಗೆ ತಳ್ಳುತ್ತಾ ಬರುತ್ತವೆ. ಹಾಗಾಗಿ ಜುಲೈನಲ್ಲಿ ಮಾತ್ರ ಅಳೆದರೆ ಕರ್ನಾಟಕದ ದಂಡೆ ಎಲ್ಲಾ ಸಾಯುತ್ತಿದೆ. ಫೆಬ್ರವರಿಯಲ್ಲಿ ಮಾತ್ರ ಅಳೆದರೆ ಎಲ್ಲಾ ಆರಾಮ. ನಿಜವಾಗಿ ಕಳೆದುಕೊಂಡದ್ದು ಎಷ್ಟು ಅಂದರೆ ಈ ಫೆಬ್ರವರಿಗೂ ಮುಂದಿನ ಫೆಬ್ರವರಿಗೂ ಇರುವ ವ್ಯತ್ಯಾಸ. ಅದು ನಿಮ್ಮ ಊರಲ್ಲಿ ಯಾರ ಹತ್ತಿರವೂ ಇಲ್ಲ.

ಇಲ್ಲಿ ಏನು ಮಾಡುತ್ತಾರೆ ಹೇಳುತ್ತೇನೆ. ಕಡಲ ದಂಡೆಯುದ್ದಕ್ಕೂ ಸಾಲಾಗಿ ಕಂಬ ನೆಟ್ಟಿದ್ದಾರೆ, ಒಂದೊಂದಕ್ಕೂ ನಂಬರ್. ಭಾನುವಾರ ನನ್ನ ಮಗಳು ಕಂಬದಿಂದ ಕಂಬಕ್ಕೆ ಓಡಿ ನಂಬರ್ ಕೂಗಿ ಹೇಳುತ್ತಾಳೆ. ಅವಳಿಗೆ ಆಟ. 1965ರಿಂದ ಪ್ರತಿ ವರ್ಷ ಸುಮಾರು 200–250 ಮೀಟರಿಗೆ ಒಂದು ಗೆರೆ ಹಿಡಿದು, ದಿಬ್ಬದಿಂದ ಶುರುಮಾಡಿ ಕಡಲೊಳಗಿನ ತನಕ ಅಳೆಯುತ್ತಾ ಬಂದಿದ್ದಾರೆ. ಯಾರ್ಕುಸ್ ಅಂತ ಹೆಸರು. ವರ್ಷದ ಕರಾವಳಿ ಅಳತೆ ಎಂದಷ್ಟೇ ಅರ್ಥ. 1990ರಲ್ಲಿ ಸರ್ಕಾರ ಒಂದು ತೀರ್ಮಾನ ಮಾಡಿತು. ಈಗಿರುವ ಕರೆಗಿಂತ ಹಿಂದೆ ಸರಿಯುವುದಿಲ್ಲ ಅಂತ. ಕರೆಯುದ್ದಕ್ಕೂ ಒಂದು ಗಡಿ ಎಳೆದರು. ಈಗ ಪ್ರತಿ ಗೆರೆಯ ಹತ್ತು ವರ್ಷದ ಅಳತೆ ನೋಡಿ, ಇದು ಹೀಗೇ ಹೋದರೆ ಕಡಲು ಆ ಗಡಿ ದಾಟುತ್ತದಾ ಎಂದು ಲೆಕ್ಕ ಹಾಕುತ್ತಾರೆ. ದಾಟುವ ಹಾಗಿದ್ದರೆ ಅಲ್ಲಿಗೆ ಮರಳು. ಕಡಲು ಮನೆ ಬಾಗಿಲಿಗೆ ಬಂದ ಮೇಲೆ ಓಡುವುದಲ್ಲ. 2001ರ ನಂತರ ವರ್ಷಕ್ಕೆ ಸರಾಸರಿ 1.2 ಕೋಟಿ ಘನ ಮೀಟರ್ ಹೀಗೆ ಹಾಕುತ್ತಿದ್ದಾರೆ. ವಿಡಿಯೋದಲ್ಲಿ ನೀವು ನೋಡಿದ ಕಾರಂಜಿ ನೋಡಲು ಚೆಂದ. ಆದರೆ ತುಂಬ ಪಾಲು ಮರಳನ್ನು ನೀರಿನಡಿಯಲ್ಲೇ ಬಿಟ್ಟು ಬರುತ್ತಾರೆ, ಆ ಬಿಳಿ ಸಾಲಿನ ಆಚೆ. ಅಲೆಯೇ ಹೊತ್ತು ತರಲಿ ಅಂತ. ಖರ್ಚೂ ಕಡಿಮೆ. ಅದರ ವಿಡಿಯೋ ಯಾರು ನೋಡುತ್ತಾರೆ ಹೇಳಿ, ಒಂದು ಹಡಗು ನಿಂತಿರುತ್ತದೆ ಅಷ್ಟೇ.

2011ರಲ್ಲಿ ನಮ್ಮ ಮನೆಯಿಂದ ಸೈಕಲ್ ದೂರದಲ್ಲಿ 'ಸ್ಯಾಂಡ್ ಮೋಟರ್' ಎಂದು ಒಂದು ಪ್ರಯೋಗ ಮಾಡಿದರು. 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಕೊಕ್ಕೆಯ ಆಕಾರದಲ್ಲಿ ಸುರಿದರು. ಗಾಳಿ, ಅಲೆ, ಸೆಳೆತ ಅದನ್ನು ಎರಡೂ ಬದಿಗೆ ಹಂಚಿಕೊಳ್ಳಲಿ ಎಂದು. ಅಲೆ ಒಡೆಯುವ ಜಾಗಕ್ಕೆ ಸರ್ವೆ ದೋಣಿ ಹೋಗಲಾರದು. ಅದಕ್ಕೆ ಜೆಟ್‌ಸ್ಕಿಗೆ ಎಕೋ ಸೌಂಡರ್ ಕಟ್ಟಿಕೊಂಡು ಅಳೆದರು, ಮೊದಮೊದಲು ತಿಂಗಳು ತಿಂಗಳೂ. ಮೊದಲ ಒಂದೂವರೆ ವರ್ಷದಲ್ಲಿ ಕೊಕ್ಕೆಯಿಂದ 18 ಲಕ್ಷ ಘನ ಮೀಟರ್ ಕಡಿಮೆಯಾಗಿತ್ತು. ಅಳತೆ ಇಲ್ಲದಿದ್ದರೆ ಏನಾಗುತ್ತಿತ್ತು? ದುಡ್ಡೆಲ್ಲಾ ನೀರಿಗೆ ಹೋಯಿತು ಅಂತ ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದರು. ಎಡಬಲದ ಅಳತೆಯೂ ಇತ್ತಲ್ಲ, ಹೋದದ್ದರಲ್ಲಿ ಹೆಚ್ಚಿನ ಪಾಲು ಪಕ್ಕದ ದಂಡೆಗಳಲ್ಲೇ ಸಿಕ್ಕಿತು. ಅದು ಹಾಗೇ ಆಗಲಿ ಎಂದೇ ಹಾಕಿದ್ದು.

ಇದನ್ನೇ ಉಚ್ಚಿಲದಲ್ಲಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಕಡಲ ತಳದಲ್ಲಿ ಬೇಕಾದಷ್ಟು ಒಳ್ಳೆ ಮರಳಿದೆ. ನಮ್ಮ ಕಡೆ ಸ್ವಲ್ಪ ಆಚೆ ಹೋದರೆ ತಳ ಕೆಸರು. ದಂಡೆಗೆ ಹಾಕುವ ಮರಳು ಅಲ್ಲಿರುವ ಮರಳಿನಷ್ಟೇ ದಪ್ಪ ಇರಬೇಕು, ಅಥವಾ ಸ್ವಲ್ಪ ಜಾಸ್ತಿ ದಪ್ಪ. ನುಣ್ಣನೆಯದು ಹಾಕಿದರೆ ನಿಲ್ಲುವುದಿಲ್ಲ, ನೀರು ರಾಡಿಯಾಗುವುದೊಂದೇ ಲಾಭ. ನಿಮಗೆ ಮರಳು ಸಿಗುವುದಿದ್ದರೆ ಹತ್ತಿರದ್ದು ನೇತ್ರಾವತಿ–ಗುರುಪುರ ಹೊಳೆಗಳ ಅಳಿವೆ, ಅಂದರೆ ಅವು ಕಡಲು ಸೇರುವ ಬಾಯಿ. ಅದೂ ಹೂಳೆತ್ತಿದಾಗ, ಪರೀಕ್ಷೆ ಮಾಡಿದ ಮೇಲೆ.

ಈಗ ನೀವು ಮಾಡಬಹುದಾದದ್ದು. ಇದಕ್ಕೆ ಜೆಟ್‌ಸ್ಕಿ ಬೇಡ, ಎರಡು ಕೋಲು ಸಾಕು.

ಒಂದೂವರೆ ಮೀಟರ್ ಉದ್ದದ ಎರಡು ಪಿವಿಸಿ ಪೈಪ್ ತನ್ನಿ. ಮೇಲಿನ ತುದಿಯಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು ಮಾಡಿ. ಎರಡಕ್ಕೂ ನಡುವೆ 2 ಮೀಟರ್ ಹಗ್ಗ. ಎಮರಿ ಎನ್ನುವ ವಿಜ್ಞಾನಿ 1961ರಲ್ಲಿ ಹೇಳಿಕೊಟ್ಟ ಉಪಾಯ ಇದು. ಒಬ್ಬರು ಹಿಂದಿನ ಕೋಲು, ಅಂದರೆ ಮನೆ ಬದಿಯದ್ದು ಹಿಡಿಯಬೇಕು. ಇನ್ನೊಬ್ಬರು ಕಡಲ ಬದಿಗೆ ಹಗ್ಗ ಬಿಗಿಯಾಗುವಷ್ಟು ಮುಂದೆ. ಹಿಂದಿನವರು ಮುಂದಿನ ಕೋಲಿನ ತುದಿಯನ್ನೂ ಕಡಲು–ಆಕಾಶ ಸೇರುವ ಗೆರೆಯನ್ನೂ ಒಂದೇ ಸಾಲಿಗೆ ತಂದು ನೋಡಬೇಕು. ಆಗ ಕಣ್ಣು ತಮ್ಮ ಕೋಲಿನ ತುದಿಯಿಂದ ಎಷ್ಟು ಕೆಳಗಿದೆಯೋ ಅಷ್ಟು ಇಳಿಜಾರು. 12 ಸೆಂಟಿಮೀಟರ್ ಕೆಳಗಿದ್ದರೆ ಆ 2 ಮೀಟರಿನಲ್ಲಿ ದಂಡೆ 12 ಸೆಂಟಿಮೀಟರ್ ಇಳಿದಿದೆ. ಮುಂದೆ ಏರು ಇದ್ದರೆ ಉಲ್ಟಾ. ನಿಮ್ಮ ಕೋಲಿನ ತುದಿಯಿಂದ ದಿಗಂತ ನೋಡಿ, ಆ ನೋಟ ಮುಂದಿನ ಕೋಲಿಗೆ ಎಲ್ಲಿ ತಾಗುತ್ತದೆ ಓದಿಕೊಳ್ಳಿ. ಇಳಿತಕ್ಕೆ ಮೈನಸ್, ಏರಿಗೆ ಪ್ಲಸ್. ಬರೆದುಕೊಂಡು ಮತ್ತೆ 2 ಮೀಟರ್ ಮುಂದಕ್ಕೆ. ಮೊಣಕಾಲು ನೀರಿನ ತನಕ ಹೋಗಿ.

ಮಂಜು ಮುಸುಕಿದ ದಿನ ದಿಗಂತ ಕಾಣುವುದಿಲ್ಲ. ಆಗ ಮೇಸ್ತ್ರಿಗಳು ಗೋಡೆ ಲೆವೆಲ್ ನೋಡುವ ನೀರಿನ ಟ್ಯೂಬು ಇದೆಯಲ್ಲ, ಅದನ್ನು ಎರಡೂ ಕೋಲಿಗೆ ಕಟ್ಟಿ. ಕೆಲಸ ನಡೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಶುರು ಮಾಡುವ ಜಾಗ ಅಲ್ಲಾಡಬಾರದು. ಬಾವಿಕಟ್ಟೆ, ಗುಡಿಯ ತಳಪಾಯ, ಹಳೆ ಮೆಟ್ಟಿಲು, ಯಾವುದಾದರೂ ಸರಿ. ತೆಂಗಿನ ಮರ ಬೇಡ, ಕಾರಣ ನಿಮಗೇ ಗೊತ್ತು. ಹೊರಡುವ ದಿಕ್ಕೂ ಪ್ರತಿ ಸಲ ಒಂದೇ ಇರಬೇಕು. ಹಿಂದೆ ಎರಡು ಗುರುತು ಇಟ್ಟುಕೊಂಡು ಅವೆರಡೂ ಒಂದಕ್ಕೊಂದು ಮರೆಯಾಗುವ ಹಾಗೆ ನಡೆಯಿರಿ. ದೋಣಿಯವರು ಮನೆಗೆ ಬರುವಾಗ ಗುಡ್ಡ, ಮರ ಜೋಡಿಸಿ ನೋಡುತ್ತಾರಲ್ಲ, ಅದೇ ಉಪಾಯ. ತಿಂಗಳಿಗೊಮ್ಮೆ ಸಾಕು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ, ಇಳಿತದ ಹೊತ್ತಿಗೆ. ನೀರು ಜಾಸ್ತಿ ಹಿಂದೆ ಹೋಗಿರುತ್ತದೆ.

ಈಗ ಆ 60 ಲೋಡಿನ ಲೆಕ್ಕ. ದಂಡೆಯ 40 ಮೀಟರ್ ಅಗಲದಲ್ಲಿ ಸರಾಸರಿ ಅರ್ಧ ಮೀಟರ್ ಹೊಯ್ಗೆ ಹೋಗಿದೆ ಅಂತಿಟ್ಟುಕೊಳ್ಳಿ. ದಂಡೆಯ ಒಂದೊಂದು ಮೀಟರ್ ಉದ್ದಕ್ಕೆ 20 ಘನ ಮೀಟರ್ ಆಯಿತು. ನಿಮ್ಮ ಕೇರಿ 500 ಮೀಟರ್ ಇದ್ದರೆ 10,000. ಒಂದು ಟಿಪ್ಪರಿನಲ್ಲಿ 10 ಘನ ಮೀಟರ್ ಹಿಡಿಸಿದರೆ ಸಾವಿರ ಲೋಡ್. ನಿಮ್ಮ ಭಾವ ಗೊಣಗಿದ್ದು ತಪ್ಪಲ್ಲ.

ಬಂಡೆಕಲ್ಲು ಅವರೇ, ನಿಮ್ಮ ಮನೆ ಉಳಿದದ್ದಕ್ಕೆ ಸಂತೋಷ, ಇದು ವ್ಯಂಗ್ಯ ಅಲ್ಲ. ಕಲ್ಲು ಅದರ ಹಿಂದೆ ಇರುವುದನ್ನು ಕಾಯುತ್ತದೆ. ಮುಂದಿನ ಹೊಯ್ಗೆಯನ್ನು ಕಾಯುವುದಿಲ್ಲ. ಅಲೆ ಗೋಡೆಗೆ ಬಡಿದು ವಾಪಸ್ ಹೋಗುವಾಗ ಬುಡ ಕೆರೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವಲ್ಲಿ ಯಾರ ಮನೆ ಇದೆ, ಅವರನ್ನೊಮ್ಮೆ ಮಾತಾಡಿಸಿ.

---

ಪಿಕ್ಸೆಲ್ ಮಾಣಿ · ಸೆಪ್ಟೆಂಬರ್ 15

ಬೆಂಗಳೂರಿನಲ್ಲಿ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ) ಕೆಲಸ, ಊರು ಕುಂದಾಪುರ. ಇಷ್ಟೆಲ್ಲಾ ಕೋಲು ಹಿಡಿಯುವುದೇಕೆ? ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ 1980ರ ದಶಕದಿಂದ ಇದೆ, ಸೆಂಟಿನೆಲ್ 2015ರಿಂದ. ಎಲ್ಲಾ ಫ್ರೀ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ಉಪಗ್ರಹ ಚಿತ್ರ ಇಟ್ಟುಕೊಂಡೇ 1990ರಿಂದ 2018ರ ತನಕದ ಇಡೀ ದೇಶದ ಕರೆಯನ್ನು ನೋಡಿದರು. 6,900 ಕಿಲೋಮೀಟರ್ ಚಿಲ್ಲರೆ. ಮೂರನೇ ಒಂದು ಭಾಗ ಕೊರೆತದಲ್ಲಿದೆ. ಕರ್ನಾಟಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ. ಟೀಚರೇ, ನಿಮ್ಮ ಜಾಗ ಹೇಳಿ, ಶನಿವಾರ ಕೂತು ಗೆರೆ ಎಳೆದುಕೊಡುತ್ತೇನೆ.

---

ಅಳಿವೆ ಬಾಗಿಲು · ಸೆಪ್ಟೆಂಬರ್ 15

ಮಾಣಿ, ಖಂಡಿತ ಎಳೆದುಕೊಡಿ. ಮೂವತ್ತು ವರ್ಷದ ಕಥೆ ಕೋಲಿನಿಂದ ಸಿಗುವುದಿಲ್ಲ, ಅದು ನಿಮ್ಮ ಹತ್ತಿರವೇ ಇರುವುದು. ಆದರೆ ಎರಡು ಮಾತು. ಲ್ಯಾಂಡ್‌ಸ್ಯಾಟಿನ ಒಂದು ಚೌಕ 30 ಮೀಟರ್, ಸೆಂಟಿನೆಲ್‌ನದ್ದು 10. ಟೀಚರ್ ಮನೆಯ ಹಿತ್ತಿಲು ಒಂದು ಚೌಕದೊಳಗೆ ಕೂತುಬಿಡುತ್ತದೆ. ಇನ್ನೊಂದು, ಉಬ್ಬರ–ಇಳಿತ. ಮಂಗಳೂರಿನಲ್ಲಿ ಹುಣ್ಣಿಮೆಯ ಆಸುಪಾಸು ನೀರು ಒಂದೂವರೆ ಮೀಟರಿನಷ್ಟು ಏರಿಳಿಯುತ್ತದೆ. ದಂಡೆ 15ಕ್ಕೆ 1ರ ಇಳಿಜಾರಿದ್ದರೆ ನೀರಿನಂಚು 22 ಮೀಟರ್ ಹಿಂದೆ ಮುಂದೆ ಹೋಗುತ್ತದೆ. ಒಂದು ಕಾಳು ಹೊಯ್ಗೆ ಅಲ್ಲಾಡದಿದ್ದರೂ ಎರಡು ಚಿತ್ರದಲ್ಲಿ 22 ಮೀಟರ್ ಕೊರೆತ ಕಾಣಿಸಬಹುದು! ಚಿತ್ರ ತೆಗೆದ ಹೊತ್ತಿನ ನೀರಿನ ಮಟ್ಟ ನೋಡಿ ಸರಿಮಾಡಿ ಎಳೆಯಿರಿ. ಎಲ್ಲಾ ಫೆಬ್ರವರಿ ಚಿತ್ರಗಳನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹೇಗೂ ಮೋಡ.

ಟೀಚರಿಗೆ ಇನ್ನೊಂದು ಉಪಾಯ. ಸಿಡ್ನಿಯ ಮ್ಯಾನ್ಲಿ ಬೀಚಿನಲ್ಲಿ 2017ರಲ್ಲಿ 'ಕೋಸ್ಟ್‌ಸ್ನ್ಯಾಪ್' ಅಂತ ಶುರುಮಾಡಿದರು. ಒಂದು ಗಟ್ಟಿ ಸ್ಟ್ಯಾಂಡ್, ಅದರಲ್ಲಿ ಯಾರು ಬೇಕಾದರೂ ಮೊಬೈಲ್ ಇಟ್ಟು ಫೋಟೋ ತೆಗೆದು ಕಳಿಸುವುದು. ಜಾಗ, ಕೋನ ಎರಡೂ ಒಂದೇ ಇರುವುದರಿಂದ ಫೋಟೋಗಳು ಅಳತೆಗೆ ಬರುತ್ತವೆ. ನಿಮ್ಮ ಟೆರೇಸಿನ ಗೋಡೆಗೆ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿ ಸಿಮೆಂಟ್ ಹಾಕಿಸಿಬಿಡಿ.

---

ಗೋಲ್ಡ್‌ಕೋಸ್ಟ್ ಗೌಡ್ತಿ · ಸೆಪ್ಟೆಂಬರ್ 16

ಆಸ್ಟ್ರೇಲಿಯಾ ಅಂದಿರಲ್ಲ, ನಾನೂ ಒಂದು ಸೇರಿಸುತ್ತೇನೆ. ಮಂಡ್ಯದವಳು, ಕಡಲು ನೋಡಿದ್ದೇ ಮದುವೆಯಾದ ಮೇಲೆ. ಈಗ ಮನೆ ಕಿರಾ ಬೀಚಿನ ಹತ್ತಿರ.

ಇಲ್ಲಿ ಟ್ವೀಡ್ ಅಂತ ಒಂದು ನದಿ. 1960ರ ದಶಕದಲ್ಲಿ ದೋಣಿಗಳಿಗೆ ಅನುಕೂಲ ಆಗಲಿ ಎಂದು ಅಳಿವೆಯ ಗೋಡೆ ಉದ್ದ ಮಾಡಿದರು. ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿದ್ದ ಮರಳು ಗೋಡೆಯ ಹಿಂದೆ ನಿಂತಿತು. ಉತ್ತರದ ಬೀಚುಗಳು ಬೋಳಾದವು. 2001ರಿಂದ ದಕ್ಷಿಣದ ಮರಳನ್ನು ಪಂಪ್ ಮಾಡಿ, ನದಿಯ ಅಡಿಯಲ್ಲಿ ಪೈಪ್ ಹಾಕಿ ಈಚೆಗೆ ಕಳಿಸುತ್ತಿದ್ದಾರೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ಮೊದಲ ಕೆಲವು ವರ್ಷ ಹಳೆ ಬಾಕಿ ತೀರಿಸಲು ಜಾಸ್ತಿ ಕಳಿಸಿದರಂತೆ. ಕಿರಾ ಬೀಚು ಎಷ್ಟು ಅಗಲವಾಯಿತು ಅಂದರೆ ನೀರು ಮುಟ್ಟಲು ನಡೆದು ನಡೆದು ಸಾಕಾಗುತ್ತಿತ್ತು ಅಂತ ಪಕ್ಕದ ಮನೆಯ ಅಜ್ಜಿ ಈಗಲೂ ಬೈಯುತ್ತಾರೆ. ನೀರೊಳಗಿನ ಬಂಡೆಸಾಲು ಮರಳಿನಡಿ ಮುಚ್ಚಿತು, ಸರ್ಫಿಂಗಿನವರ ಹೆಸರಾಂತ ಅಲೆಯೂ ಕೆಟ್ಟಿತು. ಅಳೆದು ನೋಡಿ ಆಮೇಲೆ ಪ್ರಮಾಣ ಇಳಿಸಿದರು. ಮರಳು ಕಡಿಮೆಯಾದರೂ ಜಗಳ, ಜಾಸ್ತಿಯಾದರೂ ಜಗಳ ನೋಡಿ.

---

ಪಾಂಡಿ ಪೋಸ್ಟಿಂಗ್ · ಸೆಪ್ಟೆಂಬರ್ 18

ಬ್ಯಾಂಕ್ ಕೆಲಸದಲ್ಲಿ ಪುದುಚೇರಿಗೆ ವರ್ಗ ಆಗಿ ಬಂದವನು. ಇಲ್ಲಿಯ ಕಥೆಯೂ ಅದೇ. 80ರ ದಶಕದ ಕೊನೆಗೆ ಬಂದರಿಗೆ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಕಟ್ಟಿದ ಮೇಲೆ ಊರಿನ ಮುಂದಿದ್ದ ಮರಳೆಲ್ಲಾ ಹೋಗಿ, ಬರೀ ಕಪ್ಪು ಬಂಡೆ ಉಳಿದಿತ್ತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೊದಲು ಅಲೆ, ಸೆಳೆತ, ತಳ ಎಲ್ಲಾ ಅಳೆದರು. ಆಮೇಲೆ ಉತ್ತರದ ತುದಿಯಲ್ಲಿ ನೀರಿನಡಿ ಉಕ್ಕಿನ ದೊಡ್ಡ ಪೆಟ್ಟಿಗೆಯಂಥ ರೀಫ್, ಅಂದರೆ ಅಲೆಯ ಜೋರು ಮುರಿಯುವ ಅಡ್ಡ, ಕೂರಿಸಿದರು. ಬಂದರಿನ ಬಾಯಲ್ಲಿ ಹೂಳೆತ್ತಿದ ಮರಳನ್ನು ತಂದು ಹಾಕಿದರು. ಈಗ ಸೆಕ್ರೆಟೇರಿಯಟ್ ಎದುರು ಸಂಜೆ ಹೊತ್ತು ಮಕ್ಕಳು ಮರಳಿನಲ್ಲಿ ಆಡುತ್ತಾರೆ. ಮೊನ್ನೆ ನನ್ನ ಮಗ ಅಲ್ಲೇ ಒಂದು ಚಪ್ಪಲಿ ಹೂತಿಟ್ಟು ಮರೆತು ಬಂದ.

ಉಳ್ಳಾಲದಲ್ಲೂ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದಲ್ಲಿ ಕಡಲೊಳಗೆ ರೀಫ್ ಮಾಡಿದ್ದರಲ್ವಾ?

---

ಅಳಿವೆ ಬಾಗಿಲು · ಸೆಪ್ಟೆಂಬರ್ 18

ಹೌದು, 2010ರಲ್ಲಿ ಒಪ್ಪಿಗೆಯಾದ ಯೋಜನೆ. ಕಡಲೊಳಗೆ ಎರಡು ರೀಫ್, ದಂಡೆಯ ಹತ್ತಿರ ಬರ್ಮ್ ಎನ್ನುವ ತಡೆ ದಿಬ್ಬಗಳು, ಅಳಿವೆಯ ಬ್ರೇಕ್‌ವಾಟರ್ ದುರಸ್ತಿ. ರೀಫ್ ಹಾಕಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವುದು ನಮ್ಮ ಅಭ್ಯಾಸ. ಅಳತೆಯ ಕೆಲಸ ಶುರುವಾಗುವುದೇ ಆಗ. ರೀಫಿನ ಹಿಂದೆ ಹೊಯ್ಗೆ ಕೂತರೆ ಎಲ್ಲಿಂದ ಬಂತು, ದಕ್ಷಿಣದ ಪಕ್ಕದವರ ಪಾಲು ಕಡಿಮೆಯಾಯಿತಾ, ನೋಡಬೇಕಲ್ಲ. ಟೀಚರ್ ಮನೆ ಇರುವುದು ಆ ದಕ್ಷಿಣದಲ್ಲೇ. ಕಡಿಮೆಯಾಗಿದೆ ಎಂದು ನಾನು ಹೇಳಲಾರೆ. ಹೇಳಬೇಕಾದರೆ ಅಳತೆ ಬೇಕು.

---

ಬಂಡೆಕಲ್ಲು · ಸೆಪ್ಟೆಂಬರ್ 21

ಗೋಡೆ ಮುಗಿಯುವಲ್ಲಿ ಯಾರ ಮನೆ ಅಂತ ಕೇಳಿದ್ದಿರಿ. ನನ್ನ ಚಿಕ್ಕಪ್ಪನದ್ದು. ಈಗ ಇಲ್ಲ. ಚಿಕ್ಕಪ್ಪ ಇದ್ದಾರೆ, ಮನೆ ಇಲ್ಲ. ಕಲ್ಲು ಸಾಕಾಗಲಿಲ್ಲ ಅಂತಲೇ ನಾವು ಇಷ್ಟು ದಿನ ಅಂದುಕೊಂಡಿದ್ದೆವು.

---

ಕಡಲಕರೆ ಮನೆ · ಜನವರಿ 26

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸಿ. ಇವತ್ತು ಧ್ವಜಾರೋಹಣ ಮುಗಿಸಿ ಬಂದು ಕೂತಿದ್ದೇನೆ.

ಕೋಲು ಮಾಡಿದೆವು. ಒಂಬತ್ತನೇ ಕ್ಲಾಸಿನ ಮೂರು ಮಕ್ಕಳು ಜೊತೆಗಿದ್ದಾರೆ. ಎಲ್ಲರೂ ಮೀನುಗಾರರ ಮನೆಯವರು, ನನಗಿಂತ ಅವರಿಗೇ ನೀರು ಜಾಸ್ತಿ ಗೊತ್ತು. ಮೂರು ಗೆರೆ ಇಟ್ಟುಕೊಂಡೆವು. ಮೊದಲನೆಯದು ನಮ್ಮ ಬಾವಿಕಟ್ಟೆಯಿಂದ. ಎರಡನೆಯದು ಉತ್ತರಕ್ಕೆ, ನಾಡದೋಣಿ ಎಳೆದಿಡುವ ಕಡೆ. ಮೂರನೆಯದು ದಕ್ಷಿಣಕ್ಕೆ, ಹಳೆ ಕಲ್ಲಿನ ಗೋಡೆ ಮುಗಿಯುವಲ್ಲಿ. ಸೆಪ್ಟೆಂಬರ್ ಕೊನೆಯಿಂದ ಐದು ಸಲ ಆಯಿತು. ಅಕ್ಟೋಬರಿನಲ್ಲಿ ದಿಗಂತ ಕಾಣಲೇ ಇಲ್ಲ, ನೀರಿನ ಟ್ಯೂಬೇ ಗತಿ. ಟ್ಯೂಬಿನಲ್ಲಿ ಗಾಳಿ ಗುಳ್ಳೆ ಸೇರಿಕೊಂಡು ಒಂದು ಇಡೀ ಗೆರೆ ಮತ್ತೆ ಮಾಡಬೇಕಾಯಿತು. ಮಕ್ಕಳು ಬೈದದ್ದು ತುಳುವಿನಲ್ಲಿ, ನಾನು ಕೇಳಿಸಿಕೊಳ್ಳಲಿಲ್ಲ.

ನಮ್ಮ ಗೆರೆಯಲ್ಲಿ ಹೊಯ್ಗೆ ಬಂದಿದೆ! ಸೆಪ್ಟೆಂಬರಿನಲ್ಲಿ ಬಾವಿಕಟ್ಟೆಯ ಮುಂದಿನ ಕಲ್ಲಿನ ಮೆಟ್ಟಿಲು ನಾಲ್ಕು ಕಾಣುತ್ತಿತ್ತು, ಈಗ ಎರಡೇ. 36 ಮೀಟರ್ ಅಗಲದಲ್ಲಿ ಸರಾಸರಿ 60 ಸೆಂಟಿಮೀಟರ್ ಏರಿದೆ. ಒಂದು ಮೀಟರ್ ಉದ್ದಕ್ಕೆ 21–22 ಘನ ಮೀಟರ್. ನೀವು ಹೇಳಿದ ಆ ಬಿಳಿ ಸಾಲು ದಿನದಿಂದ ದಿನಕ್ಕೆ ಹತ್ತಿರ ಬಂದದ್ದನ್ನು ಟೆರೇಸಿನ ಫೋಟೋದಲ್ಲಿ ಸಾಲಾಗಿ ನೋಡಬಹುದು. ಡಿಸೆಂಬರ್ ಮಧ್ಯದಲ್ಲಿ ಅದು ಮಾಯ. ಮಕ್ಕಳು ಎಲ್ಲಾ ಫೋಟೋ ಜೋಡಿಸಿ ಓಡಿಸಿ ತೋರಿಸಿದಾಗ ನಾನು ಸುಮ್ನೆ ನೋಡುತ್ತಾ ಕೂತೆ. ಐವತ್ತು ವರ್ಷ ಈ ಕಡಲ ಎದುರು ಇದ್ದೇನೆ, ಇದು ಗೊತ್ತೇ ಇರಲಿಲ್ಲ.

ಮೂರನೇ ಗೆರೆಯಲ್ಲಿ ಮಾತ್ರ ಅಷ್ಟು ಇಲ್ಲ. ಅಷ್ಟೇ ದಿನದಲ್ಲಿ ಮೀಟರಿಗೆ 4 ಘನ ಮೀಟರ್ ಬಂದಿದೆ. ಗೋಡೆಯಿಂದಲೇ ಹೀಗೆ ಎಂದು ಮೀಟಿಂಗಿನಲ್ಲಿ ಹೇಳಬಹುದಾ? ಮುಂದಿನ ತಿಂಗಳು ಅಧಿಕಾರಿ ಬರುತ್ತಾರಂತೆ. ಮಾಣಿ ಎಳೆದುಕೊಟ್ಟ ಚಿತ್ರವೂ ಇದೆ. 60 ಲೋಡಿನವರು ಮತ್ತೆ ಬರಲಿಲ್ಲ. ಮೂರೂ ಗೆರೆಯ ಪಟ್ಟಿ ಕೆಳಗೆ ಲಗತ್ತಿಸಿದ್ದೇನೆ, ಒಮ್ಮೆ ನೋಡಿ.

---

ಅಳಿವೆ ಬಾಗಿಲು · ಜನವರಿ 27

ಟೀಚರೇ, ಪಟ್ಟಿಯನ್ನು ಪ್ರಿಂಟ್ ಹಾಕಿ ಆಫೀಸಿಗೆ ತೆಗೆದುಕೊಂಡು ಹೋಗಿದ್ದೆ. ಪಕ್ಕದ ಮೇಜಿನ ಡಚ್ಚಿನವನು ನೋಡಿ, ಯಾವ ಯಂತ್ರ ಬಳಸಿದ್ದಾರೆ ಅಂತ ಕೇಳಿದ. ಎರಡು ಪೈಪು, ಒಂದು ಹಗ್ಗ, ಮೂರು ಮಕ್ಕಳು ಅಂದೆ.

ಗೋಡೆಯಿಂದಲೇ ಅಂತ ಈಗ ಹೇಳಬೇಡಿ. ಒಂದು ಗೆರೆ, ಒಂದು ಚಳಿಗಾಲ. ಅಧಿಕಾರಿ ಒಂದೇ ಪ್ರಶ್ನೆಯಲ್ಲಿ ಬೀಳಿಸಿಬಿಡುತ್ತಾರೆ. ಗೋಡೆಯ ತುದಿಯಿಂದ ದಕ್ಷಿಣಕ್ಕೆ 50 ಮೀಟರಿಗೊಂದು, 150 ಮೀಟರಿಗೊಂದು ಗೆರೆ ಸೇರಿಸಿ. ದೂರ ಹೋದಂತೆ ಹೊಯ್ಗೆ ಜಾಸ್ತಿ ಬರುತ್ತಾ ಹೋದರೆ ಆಗ ಗೋಡೆಯ ಮೇಲೆ ಅನುಮಾನ ಪಡಬಹುದು. ಈ ಫೆಬ್ರವರಿಯದ್ದು ತಪ್ಪಿಸಲೇಬೇಡಿ, ಇಡೀ ವರ್ಷದ ಲೆಕ್ಕಕ್ಕೆ ಅದೇ ಬುಡ. ಮೀಟಿಂಗಿನಲ್ಲಿ ಸದ್ಯಕ್ಕೆ ಇಷ್ಟು ಕೇಳಿ: ನಮ್ಮ ಹತ್ತಿರ ಐದು ತಿಂಗಳ ಅಳತೆ ಇದೆ, ನೀರಿನೊಳಗಿನದ್ದು ಇಲ್ಲ, ಅದನ್ನು ಮಳೆಗಾಲಕ್ಕೆ ಮೊದಲೊಮ್ಮೆ ಆಮೇಲೊಮ್ಮೆ ನೀವು ಅಳೆಸಿಕೊಡಿ. ಮೂರನೇ ಗೆರೆಯ ಹೊಯ್ಗೆ ಒಂದು ಚಿಮಟಿ ಚೀಟಿಯಲ್ಲಿ ಕಟ್ಟಿಡಿ. ನಾಳೆ ಯಾರಾದರೂ ಮರಳು ತಂದರೆ ಪಕ್ಕದಲ್ಲಿಟ್ಟು ನೋಡಲು ಬೇಕು.

ಮತ್ತೆ, ಎರಡನೇ ಗೆರೆಯ ಜನವರಿ ಸಾಲು ನೋಡಿ. 9ನೇ ಓದು ಮೈನಸ್ 18 ಅಂತಿದೆ. ಫೋಟೋದಲ್ಲಿ ದೋಣಿಯ ಮುಂದೆ ಆ ಜಾಗದಲ್ಲಿ ದಿಬ್ಬ ಎದ್ದು ಕಾಣುತ್ತಿದೆ. ಅದು ಪ್ಲಸ್ ಇರಬೇಕು. ಅಲ್ಲಿಂದ ಮುಂದಿನದ್ದೆಲ್ಲಾ 36 ಸೆಂಟಿಮೀಟರ್ ತಗ್ಗಾಗಿ ಬಂದಿದೆ. ಮಕ್ಕಳ ಹತ್ತಿರ ಕೇಳಿ, ಆ ದಿನ ಪುಸ್ತಕ ಹಿಡಿದವರು ಯಾರು ಅಂತ.